ಬಣ್ಣಕ್ಕಿಂತ ಮೊದಲು ಮರೆ

ವಿಮಾನದ ಸ್ಕೇಲ್ ಮಾಡೆಲ್‌ಗೆ ಬಣ್ಣ ಸಿಂಪಡಿಸಲು ಹತ್ತು ನಿಮಿಷ ಸಾಕು. ಆ ಬಣ್ಣ ಎಲ್ಲಿ ಬೀಳಬಾರದೋ ಅಲ್ಲಿ ಮರೆ ಕಟ್ಟಲು ಎರಡು ತಾಸು ಬೇಕು. ಈ ಮರೆ ಕಟ್ಟುವ ಕೆಲಸಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ಹವ್ಯಾಸಕ್ಕೆ ಹೊಸದಾಗಿ ಬಂದವರು ಒಳ್ಳೆಯ ಏರ್‌ಬ್ರಷ್ ಯಾವುದು, ಒಳ್ಳೆಯ ಬಣ್ಣ ಯಾವುದು ಎಂದು ಕೇಳುತ್ತಾರೆ. ಮರೆ ಯಾವುದು ಎಂದು ಕೇಳುವವರು ಕಡಿಮೆ. ಯುದ್ಧವಿಮಾನದ ಮೈಮೇಲೆ ಶತ್ರುವಿನ ಕಣ್ಣು ತಪ್ಪಿಸಲು ಬಳಿಯುವ ಹಸಿರು-ಕಂದು ಪಟ್ಟೆಗಳಿಗೆ ಕ್ಯಾಮಫ್ಲಾಜ್ ಎಂದು ಹೆಸರು. ಅದು ಮಾಡೆಲ್ ಮೇಲೆ ನಿಜದ ಹಾಗೆ ಕಾಣುವುದೋ, ಆಟಿಕೆಯ ಹಾಗೆ ಕಾಣುವುದೋ ಎಂಬುದು ಎರಡು ಬಣ್ಣ ಕೂಡುವ ಅಂಚಿನ ಮೇಲೆ ನಿಂತಿದೆ. ಆ ಅಂಚು ಹೇಗೆ ಬರಬೇಕೆಂದು ನಿರ್ಧರಿಸುವುದು ನಾವು ಕಟ್ಟುವ ಮರೆ.

ಗುತ್ತಲದಂಥ ಊರಿನಲ್ಲಿ ಕೂತು ಈ ಕೆಲಸ ಮಾಡುವವರಿಗೆ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ. ಜಪಾನಿನ ಟಾಮಿಯಾ ಕಂಪನಿಯ ಮಾಸ್ಕಿಂಗ್ ಟೇಪ್, ಇಂಗ್ಲೆಂಡಿನ ಹಂಬ್ರೋಲ್ ಕಂಪನಿಯ ಮಾಸ್ಕಾಲ್ ದ್ರಾವಣ, ಇವೆಲ್ಲ ಕೊರಿಯರ್‌ನಲ್ಲಿ ಬರಬೇಕು. ಬೆರಳಗಲದ ಒಂದು ಟೇಪ್ ಸುರುಳಿಯ ದುಡ್ಡಿನಲ್ಲಿ ನಮ್ಮ ಹಾರ್ಡ್‌ವೇರ್ ಅಂಗಡಿಯ ಐದಾರು ಸುರುಳಿ ಬರುತ್ತವೆ. ಹಾಗಾದರೆ ಹೊರಗಿನ ಸಾಮಾನು ನಿಜವಾಗಿಯೂ ಬೇಕೇ? ಬೇಕಿದ್ದರೆ ಯಾವುದು, ಎಷ್ಟು?

ನನ್ನ ಬಳಿ ಇದ್ದದ್ದು 1/72 ಅಳತೆಯ ಒಂದೇ ಒಂದು ಮಿಗ್-21 ಕಿಟ್. ಹೈಸ್ಕೂಲ್ ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಕೊಂಡದ್ದು. ಅದು ಕೆಟ್ಟರೆ ಇನ್ನೊಂದು ತರಿಸುವ ಸ್ಥಿತಿ ಇರಲಿಲ್ಲ. ಹಾಗಾಗಿ ಅದರ ಮೇಲೆ ಒಂದು ಹನಿ ಬಣ್ಣ ಹಾಕುವ ಮೊದಲು ಕೈಗೆ ಸಿಕ್ಕ ಮರೆಗಳನ್ನೆಲ್ಲ ಒಂದೇ ರೀತಿಯಲ್ಲಿ ಪರೀಕ್ಷಿಸಿದೆ. ಆ ಪರೀಕ್ಷೆಯಲ್ಲಿ ಕಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಅಂಚು ಎಷ್ಟು ಮೆದು?

ಮೊದಲು ನಮಗೆ ಎಂಥ ಅಂಚು ಬೇಕು ಎಂಬುದು ಗೊತ್ತಿರಬೇಕು. ಅಂಚಿನಲ್ಲಿ ಎರಡು ಬಗೆ. ಚಾಕುವಿನಿಂದ ಕೊಯ್ದಂತೆ ಒಂದು ಬಣ್ಣ ನಿಂತು ಇನ್ನೊಂದು ಶುರುವಾದರೆ ಅದು ಗಟ್ಟಿ ಅಂಚು. ಒಂದು ಬಣ್ಣ ಇನ್ನೊಂದರೊಳಗೆ ಮಂಜಿನಂತೆ ಕರಗಿದರೆ ಮೆದು ಅಂಚು. ನಿಜವಾದ ವಿಮಾನಕ್ಕೆ ಕುಂಚದಿಂದ ಬಳಿದಿದ್ದರೆ ಅಥವಾ ಮರೆ ಕಟ್ಟಿ ಸಿಂಪಡಿಸಿದ್ದರೆ ಅಂಚು ಗಟ್ಟಿಯಾಗಿರುತ್ತದೆ. ಸ್ಪ್ರೇ ಗನ್ ಹಿಡಿದು ಕೈಯಳತೆಯಲ್ಲಿ ಹೊಡೆದಿದ್ದರೆ ಮೆದುವಾಗಿರುತ್ತದೆ.

ಮೆದು ಎಂದರೆ ಎಷ್ಟು? ಇದಕ್ಕೆ ಸರಳವಾದ ಭಾಗಾಕಾರ ಸಾಕು. ನಿಜವಾದ ವಿಮಾನದಲ್ಲಿ ಎರಡು ಬಣ್ಣ ಬೆರೆಯುವ ಪಟ್ಟಿ 10 ಸೆಂಟಿಮೀಟರ್ ಅಗಲ ಇದೆ ಎಂದುಕೊಳ್ಳಿ. 1/32 ಅಳತೆಯ ಮಾಡೆಲ್‌ನಲ್ಲಿ ಅದು ಸುಮಾರು 3 ಮಿಲಿಮೀಟರ್. 1/48ರಲ್ಲಿ 2 ಮಿಲಿಮೀಟರ್. 1/72ರಲ್ಲಿ 1.4 ಮಿಲಿಮೀಟರ್ ಮಾತ್ರ. ಬೆರೆತ ಪಟ್ಟಿ 5 ಸೆಂಟಿಮೀಟರ್ ಇದ್ದರೆ 1/72ರಲ್ಲಿ ಅದು 0.7 ಮಿಲಿಮೀಟರ್, ಅಂದರೆ ಪೆನ್ಸಿಲ್ ಗೆರೆಯಷ್ಟು. ಅಗ್ಗದ ಏರ್‌ಬ್ರಷ್‌ನಿಂದ ಮರೆಯಿಲ್ಲದೆ ಕೈಯಲ್ಲೇ ಇಷ್ಟು ಸಣ್ಣ ಮಂಜು ತರುವುದು ಬಹಳ ಕಷ್ಟ. 0.3 ಮಿಲಿಮೀಟರ್ ನಾಜಲ್ ಇದ್ದರೂ ಕೈ ಸ್ವಲ್ಪ ದೂರವಾದರೆ ಮಂಜು ಐದಾರು ಮಿಲಿಮೀಟರ್‌ಗೆ ಹರಡುತ್ತದೆ. ಆಗ ನಿಜದ ಲೆಕ್ಕದಲ್ಲಿ ಅದು 40 ಸೆಂಟಿಮೀಟರ್ ಅಗಲದ ಮಸುಕು. ಯಾವ ವಿಮಾನದ ಮೇಲೂ ಹಾಗೆ ಕಾಣುವುದಿಲ್ಲ.

ನಿಜವಾದ ವಿಮಾನವನ್ನು ಹತ್ತಿರದಿಂದ ನೋಡಲು ನಮ್ಮ ಕಡೆಯವರು ಬೆಂಗಳೂರಿಗೆ ಹೋಗಬೇಕು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಆವರಣದಲ್ಲೂ ಎಚ್‌ಎಎಲ್‌ನ ವೈಮಾನಿಕ ವಸ್ತುಸಂಗ್ರಹಾಲಯದಲ್ಲೂ ಎಚ್‌ಎಫ್-24 ಮಾರುತ್ ನಿಂತಿದೆ. ನಮ್ಮ ದೇಶದಲ್ಲಿ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ ಅದು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡು 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. ಒಟ್ಟು 147 ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಹಾರಾಡಿದವು. ಸುಮಾರು 16 ಮೀಟರ್ ಉದ್ದದ ಆ ವಿಮಾನದ ಪಕ್ಕ ನಿಂತಾಗ, 1/72 ಅಳತೆಯಲ್ಲಿ ಅದು 22 ಸೆಂಟಿಮೀಟರ್ ಆಗುತ್ತದೆ ಎಂಬ ಲೆಕ್ಕಕ್ಕೆ ಅರ್ಥ ಬರುತ್ತದೆ.

ಆದರೆ ಒಂದು ಎಚ್ಚರಿಕೆ. ಬಯಲಿನಲ್ಲಿ ನಿಲ್ಲಿಸಿದ ವಿಮಾನಗಳಿಗೆ ಆಗಾಗ ಮರುಬಣ್ಣ ಆಗಿರುತ್ತದೆ. ಹಾಗಾಗಿ ಅಂಚಿನ ವಿಚಾರದಲ್ಲಿ ನಂಬಬೇಕಾದದ್ದು ಅವು ಸೇವೆಯಲ್ಲಿದ್ದ ಕಾಲದ ಫೋಟೊಗಳನ್ನು. ನನ್ನ ಕಿಟ್‌ನ ಮಿಗ್-21 ವಾಯುಪಡೆಗೆ ಬಂದದ್ದು 1963ರಲ್ಲಿ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಅದಕ್ಕೆ ವಿದಾಯ ಹೇಳಲಾಯಿತು. ಶುರುವಿನಲ್ಲಿ ಬರಿಯ ಲೋಹದ ಬೆಳ್ಳಿ ಮೈಯಲ್ಲೇ ಹಾರುತ್ತಿದ್ದ ಈ ವಿಮಾನಗಳಿಗೆ 1971ರ ಯುದ್ಧದ ಹೊತ್ತಿಗೆ ಅವಸರದಲ್ಲಿ ಕ್ಯಾಮಫ್ಲಾಜ್ ಬಂತು. ಹಾಗಾಗಿ ಎಲ್ಲದರ ಮೇಲೂ ಒಂದೇ ನಮೂನೆ ಇಲ್ಲ. ಕೆಲವು ಫೋಟೊಗಳಲ್ಲಿ ಅಂಚು ಮೆದು, ಕೆಲವದರಲ್ಲಿ ಗಟ್ಟಿ. ನಾನು ಆರಿಸಿಕೊಂಡದ್ದು ಮೆದು ಅಂಚಿನದು. ಅಂದರೆ ನನಗೆ ಬೇಕಿದ್ದದ್ದು ಸುಮಾರು 1 ಮಿಲಿಮೀಟರ್ ಮಂಜು ಕೊಡುವ ಮರೆ.

ಚಮಚದ ಮೇಲೆ ಪರೀಕ್ಷೆ

ಪರೀಕ್ಷೆಗೆ ಬಳಸಿದ್ದು ಮದುವೆಮನೆಯಲ್ಲಿ ಪಾಯಸಕ್ಕೆ ಕೊಡುವ ಬಿಳಿ ಪ್ಲಾಸ್ಟಿಕ್ ಚಮಚ. ಚಮಚದ ಬೆನ್ನು ವಿಮಾನದ ಒಡಲಿನಂತೆ ಉಬ್ಬಿರುತ್ತದೆ, ಹಾಗಾಗಿ ಸಪಾಟು ಹಾಳೆಗಿಂತ ಒಳ್ಳೆಯ ಪರೀಕ್ಷೆ. ಎಲ್ಲ ಚಮಚಗಳನ್ನೂ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಜಿಡ್ಡು ತೆಗೆದು, ಬೂದು ಪ್ರೈಮರ್ ಹೊಡೆದು, ಅದರ ಮೇಲೆ ತಿಳಿ ಕಂದು ಬಣ್ಣ ಹಾಕಿ ಒಂದು ಇಡೀ ದಿನ ಒಣಗಲು ಬಿಟ್ಟೆ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಹಸಿರಿನ ಮೇಲೆ ಕಂದು ಕೂರಿಸಲು ಹೆಚ್ಚು ಪದರ ಬೇಕು, ಕಂದಿನ ಮೇಲೆ ಹಸಿರು ಸುಲಭವಾಗಿ ಕೂರುತ್ತದೆ.

ಆಮೇಲೆ ಒಂದೊಂದು ಚಮಚಕ್ಕೆ ಒಂದೊಂದು ಮರೆ. ಉಳಿದದ್ದೆಲ್ಲ ಒಂದೇ: ಅದೇ ಹಸಿರು ಅಕ್ರಿಲಿಕ್ ಬಣ್ಣ, ಹಾಲಿನಷ್ಟು ತೆಳ್ಳಗೆ ಮಾಡಿದ್ದು, ಗಾಳಿಯ ಒತ್ತಡ 18 ಪಿಎಸ್‌ಐ, ದೂರ ನಾಲ್ಕು ಬೆರಳು, ಗನ್ ಮೇಲ್ಮೈಗೆ ನೇರವಾಗಿ. ಮೂರು ತೆಳು ಪದರ, ಒಂದೊಂದರ ನಡುವೆ ಐದು ನಿಮಿಷ ಬಿಡುವು. ಅರ್ಧ ತಾಸಿನ ನಂತರ ಮರೆ ಕಿತ್ತು ಮೂರು ವಿಷಯ ನೋಡಿದೆ. ಬಣ್ಣ ಮರೆಯ ಅಡಿಗೆ ನುಸುಳಿದೆಯೇ? ಕೆಳಗಿನ ಬಣ್ಣ ಕಿತ್ತುಬಂದಿದೆಯೇ, ಅಂಟು ಉಳಿದಿದೆಯೇ? ಮಂಜು ಎಷ್ಟು ಅಗಲ? ಮಂಜಿನ ಅಳತೆಗೆ ಸ್ಟೀಲ್ ಸ್ಕೇಲನ್ನು ಪಕ್ಕದಲ್ಲಿಟ್ಟು ಮೊಬೈಲ್‌ನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡಿದರೆ ಸಾಕು.

ಟೇಪುಗಳ ಸರದಿ

ಮೊದಲನೆಯದು ಎಲ್ಲರ ಮನೆಯಲ್ಲೂ ಇರುವ ಪಾರದರ್ಶಕ ಸೆಲೊಟೇಪ್. ಇದರ ಅಂಟು ಬಹಳ ಬಿಗಿ, ಮೈ ಬಹಳ ಗಡಸು. ಉಬ್ಬಿದ ಮೇಲ್ಮೈಯಲ್ಲಿ ನೆರಿಗೆ ಬೀಳುತ್ತದೆ, ಆ ನೆರಿಗೆಯೊಳಗೆ ಬಣ್ಣ ನುಸುಳುತ್ತದೆ. ಕೀಳುವಾಗ ಕೆಳಗಿನ ಕಂದು ಬಣ್ಣದ ಚೂರುಗಳನ್ನೂ ಹೊತ್ತು ತಂದಿತು. ಮಾಡೆಲ್ ಹತ್ತಿರವೂ ಇದನ್ನು ತರಬಾರದು.

ಎರಡನೆಯದು ವಯರಿಂಗ್‌ನವರು ಬಳಸುವ ಇನ್ಸುಲೇಷನ್ ಟೇಪ್. ಇದು ರಬ್ಬರಿನಂತೆ ಹಿಗ್ಗುವುದರಿಂದ ಸೊಟ್ಟ ಗೆರೆಗೆ ಚೆನ್ನಾಗಿ ಬಾಗುತ್ತದೆ. ಗಟ್ಟಿ ಅಂಚು ಅಚ್ಚುಕಟ್ಟಾಗಿ ಬಂತು. ತೊಂದರೆ ಇರುವುದು ಅಂಟಿನಲ್ಲಿ. ಬೆಚ್ಚಗಿನ ಕೋಣೆಯಲ್ಲಿ ಅದು ಇಳಿದು ಬಣ್ಣದ ಮೇಲೆ ಉಳಿಯುತ್ತದೆ. ಹಿಗ್ಗಿಸಿ ಅಂಟಿಸಿದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕುಗ್ಗಿ ಅಂಚು ಸರಿಯುತ್ತದೆ. ಅಂಟಿಸಿ, ಹೊಡೆದು, ತಕ್ಷಣ ಕೀಳುವ ಕೆಲಸಕ್ಕೆ ಮಾತ್ರ ಸರಿ.

ಮೂರನೆಯದು ಹಾರ್ಡ್‌ವೇರ್ ಅಂಗಡಿಯ ಕಾಗದದ ಮಾಸ್ಕಿಂಗ್ ಟೇಪ್. ಗೋಡೆ, ಕಾರಿಗೆ ಬಣ್ಣ ಹೊಡೆಯುವವರು ಬಳಸುವುದು ಇದನ್ನೇ. ಇದರ ಕಾಗದ ಸುಕ್ಕುಸುಕ್ಕಾಗಿರುವುದರಿಂದ ಬೇಕಾದಂತೆ ಬಾಗುತ್ತದೆ. ಆದರೆ ಆ ಸುಕ್ಕುಗಳೇ ಸಣ್ಣ ಕಾಲುವೆಗಳಾಗಿ ಬಣ್ಣವನ್ನು ಒಳಗೆ ಬಿಡುತ್ತವೆ. ಗೋಡೆಯ ಮೇಲೆ ಅರ್ಧ ಮಿಲಿಮೀಟರ್ ನುಸುಳಿದರೆ ಯಾರಿಗೂ ಕಾಣದು. 10 ಸೆಂಟಿಮೀಟರ್ ರೆಕ್ಕೆಯಗಲದ ವಿಮಾನದ ಮೇಲೆ ಎದ್ದು ಕಾಣುತ್ತದೆ. ಇದಕ್ಕೆ ಎರಡು ಉಪಾಯ. ಅಂಗಡಿಯಿಂದ ಬಂದ ಟೇಪಿನ ಅಂಚು ದೂಳು ಹಿಡಿದು ಒರಟಾಗಿರುತ್ತದೆ. ಗಾಜಿನ ಮೇಲೆ ಅಂಟಿಸಿ ಹೊಸ ಬ್ಲೇಡಿನಿಂದ ಕೊಯ್ದು ಹೊಸ ಅಂಚು ಮಾಡಿಕೊಳ್ಳಬೇಕು. ಆಮೇಲೆ ಟೇಪ್ ಅಂಟಿಸಿ, ಮೊದಲು ಕೆಳಗಿನ ಬಣ್ಣವನ್ನೇ, ಅಂದರೆ ಕಂದನ್ನೇ, ಅಂಚಿನ ಮೇಲೆ ಒಂದು ತೆಳು ಪದರ ಹೊಡೆಯಬೇಕು. ನುಸುಳುವುದಿದ್ದರೆ ಕಂದು ನುಸುಳಿ ಕಾಲುವೆ ಮುಚ್ಚುತ್ತದೆ. ಕಂದಿನ ಮೇಲೆ ಕಂದು ಕಾಣುವುದಿಲ್ಲ. ಅನಂತರ ಹಸಿರು. ಈ ಎರಡು ಕೆಲಸ ಮಾಡಿದ ಚಮಚಕ್ಕೂ ದುಬಾರಿ ಟೇಪಿನ ಚಮಚಕ್ಕೂ ಭೂತಕನ್ನಡಿ ಇಲ್ಲದೆ ವ್ಯತ್ಯಾಸ ಹೇಳುವುದು ಕಷ್ಟ.

ನಾಲ್ಕನೆಯದು ಟಾಮಿಯಾದ ಹಳದಿ ಟೇಪ್. 6, 10, 18 ಮಿಲಿಮೀಟರ್ ಅಗಲಗಳಲ್ಲಿ ಬರುತ್ತದೆ. ಕಾಗದ ತೆಳು ಮತ್ತು ನುಣುಪು, ಅಂಟು ಹದವಾದದ್ದು. ಸುರುಳಿಯಿಂದ ಬಿಚ್ಚಿ ನೇರವಾಗಿ ಅಂಟಿಸಿದರೂ ಗೆರೆ ನೂಲು ಹಿಡಿದಂತೆ ಬರುತ್ತದೆ. ಇದು ದುಡ್ಡಿಗೆ ತಕ್ಕ ವಸ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಇದನ್ನು ಪೂರ್ತಿ ವಿಮಾನ ಮುಚ್ಚಲು ಬಳಸುವುದು ದುಂದು. ಅಂಚಿನ 6 ಮಿಲಿಮೀಟರ್ ಮಾತ್ರ ಇದು, ಅದರಾಚೆಯದೆಲ್ಲ ಅಂಗಡಿ ಟೇಪು ಮತ್ತು ಹಳೆಯ ಪತ್ರಿಕೆ. ಹೀಗೆ ಬಳಸಿದರೆ ಒಂದು ಸುರುಳಿ ಹಲವು ಮಾಡೆಲ್‌ಗಳಿಗೆ ಬರುತ್ತದೆ. ಕಾಕ್‌ಪಿಟ್ ಗಾಜಿನ ಸಣ್ಣ ಚೌಕಟ್ಟುಗಳಿಗೆ ಮಾತ್ರ ಇದಕ್ಕೆ ಬದಲಿ ನನಗೆ ಸಿಕ್ಕಿಲ್ಲ.

ಯಾವ ಟೇಪ್ ಆದರೂ ಅಂಟಿಸುವ ಮೊದಲು ಒಂದೆರಡು ಬಾರಿ ಅಂಗೈಗೆ ಅಂಟಿಸಿ ಕಿತ್ತರೆ ಅಂಟಿನ ಬಿಗಿ ಕಡಿಮೆಯಾಗುತ್ತದೆ. ಕೀಳುವಾಗ ಮೇಲಕ್ಕೆ ಎಳೆಯಬಾರದು. ಟೇಪನ್ನು ಅದರ ಬೆನ್ನ ಮೇಲೇ ಹಿಂದಕ್ಕೆ ಮಡಚಿ, ಮೇಲ್ಮೈಗೆ ಒರಗಿದಂತೆ ನಿಧಾನ ಎಳೆಯಬೇಕು. ಬಣ್ಣ ಟೇಪಿನ ಅಂಚಿಗೆ ಒತ್ತಿ ನಿಂತು ಸಣ್ಣ ಏಣು ಕಟ್ಟುವುದೂ ಉಂಟು. ಪದರ ತೆಳುವಾದಷ್ಟೂ ಏಣು ಕಡಿಮೆ. ಬಂದರೆ 2000 ನಂಬರಿನ ನೀರಿನ ಮರಳುಕಾಗದದಲ್ಲಿ ಹಗುರವಾಗಿ ಉಜ್ಜಿದರೆ ಹೋಗುತ್ತದೆ.

ಈ ನಾಲ್ಕೂ ಕೊಡುವುದು ಗಟ್ಟಿ ಅಂಚನ್ನು ಮಾತ್ರ. ನನಗೆ ಬೇಕಿದ್ದ ಮಂಜು ಇವುಗಳಲ್ಲಿ ಇಲ್ಲ.

ಮೆದು ಅಂಚಿನ ಮರೆಗಳು

ಮೆದು ಅಂಚಿನ ಗುಟ್ಟು ಮರೆಯ ಎತ್ತರದಲ್ಲಿದೆ. ಬ್ಯಾಡಗಿ ಮೆಣಸಿನಕಾಯಿ ಚೀಲಗಳ ಮೇಲೆ ತಗಡಿನ ಅಚ್ಚಿಟ್ಟು ಹೆಸರು ಹೊಡೆಯುವುದನ್ನು ನೋಡಿದವರಿಗೆ ಇದು ಗೊತ್ತು. ತಗಡು ಚೀಲಕ್ಕೆ ಒತ್ತಿಕೊಂಡಿದ್ದರೆ ಅಕ್ಷರ ಚೊಕ್ಕ. ತಗಡು ಸ್ವಲ್ಪ ಎದ್ದಿದ್ದರೆ ಅಕ್ಷರ ಮಸುಕು. ಅಲ್ಲಿ ಅದು ದೋಷ. ಕ್ಯಾಮಫ್ಲಾಜ್‌ನಲ್ಲಿ ಅದೇ ನಮಗೆ ಬೇಕಾದದ್ದು. ಮರೆಯನ್ನು ಮೇಲ್ಮೈಯಿಂದ ಎಷ್ಟು ಎತ್ತುತ್ತೇವೋ ಅಷ್ಟು ಬಣ್ಣದ ಹನಿಗಳು ಅಡಿಗೆ ತೂರಿ ಮಂಜಾಗುತ್ತವೆ.

ಮೊದಲು ಕಾಗದದ ಅಚ್ಚು. ದಪ್ಪ ಕಾಗದದಲ್ಲಿ ನಮೂನೆ ಕತ್ತರಿಸಿ, ಎರಡೂ ಬದಿ ಅಂಟಿರುವ 1 ಮಿಲಿಮೀಟರ್ ದಪ್ಪದ ಫೋಮ್ ಟೇಪಿನ ಚೂರುಗಳನ್ನು ಅಡಿಗೆ ಕೊಟ್ಟು ಅಂಟಿಸಿದೆ. ಮಂಜು ಮುಕ್ಕಾಲರಿಂದ 1 ಮಿಲಿಮೀಟರ್ ಬಂತು. ಚೂರುಗಳನ್ನು ಎರಡು ಪದರ ಮಾಡಿದರೆ ಸುಮಾರು ಒಂದೂವರೆ. ಇದರ ದೊಡ್ಡ ಗುಣವೆಂದರೆ ನಮೂನೆಯನ್ನು ಮೊದಲೇ ಕಾಗದದ ಮೇಲೆ ಬರೆದು, ತಿದ್ದಿ, ಒಪ್ಪಿಗೆಯಾದ ಮೇಲೆ ಕತ್ತರಿಸಬಹುದು. ಎಡ ಬಲ ಒಂದೇ ಅಳತೆ ಬರುತ್ತದೆ. ರೆಕ್ಕೆಯಂಥ ಸಪಾಟು ಜಾಗಕ್ಕೆ ಇದು ಅತ್ಯುತ್ತಮ. ದುಂಡಗಿನ ಒಡಲಿನ ಮೇಲೆ ಕಾಗದ ಒಂದು ಕಡೆ ಎದ್ದು ಒಂದು ಕಡೆ ಒತ್ತಿ, ಮಂಜಿನ ಅಗಲ ಏರುಪೇರಾಗುತ್ತದೆ.

ಒಡಲಿಗೆ ಬೇಕಾದದ್ದು ಬತ್ತಿ. ಗೋಡೆಗೆ ಪೋಸ್ಟರ್ ಅಂಟಿಸಲು ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಮೇಣದಂಥ ಟ್ಯಾಕ್ ಇದೆಯಲ್ಲ, ಅದನ್ನು ಶಾವಿಗೆ ಹೊಸೆದಂತೆ 3 ಮಿಲಿಮೀಟರ್ ದಪ್ಪಕ್ಕೆ ಹೊಸೆದು ನಮೂನೆಯ ಗೆರೆಯ ಮೇಲೆ ಇಡಬೇಕು. ಬತ್ತಿ ದುಂಡಗಿರುವುದರಿಂದ ಮೇಲ್ಮೈಗೆ ತಾಗುವುದು ನಡುವಿನ ಒಂದು ಗೆರೆಯಲ್ಲಿ ಮಾತ್ರ. ಅದರ ಹೊಟ್ಟೆ ಹೊರಗೆ ಚಾಚಿರುತ್ತದೆ. ಆ ಹೊಟ್ಟೆಯ ನೆರಳಿನಲ್ಲಿ ಬಣ್ಣ ಮೆಲ್ಲಗೆ ಕಡಿಮೆಯಾಗುತ್ತ ಹೋಗುತ್ತದೆ. 3 ಮಿಲಿಮೀಟರ್ ಬತ್ತಿಗೆ ನನಗೆ ಬಂದದ್ದು 1 ಮಿಲಿಮೀಟರ್ ಮಂಜು. ಬತ್ತಿಯ ದಪ್ಪ ಎಲ್ಲೆಡೆ ಒಂದೇ ಇರಬೇಕು. ಗನ್ ನೇರವಾಗಿರಬೇಕು, ಓರೆ ಮಾಡಿದರೆ ಒಂದು ಬದಿಯಲ್ಲಿ ಮಂಜು ಹರಡಿ, ಇನ್ನೊಂದು ಬದಿ ಗಟ್ಟಿಯಾಗುತ್ತದೆ. ಬತ್ತಿಯಾಚೆಯ ಜಾಗವನ್ನು ಟೇಪ್ ಚೂರುಗಳಿಂದ ತುಂಬಿಸಿದರೆ ಆಯಿತು. ಟ್ಯಾಕ್‌ನಲ್ಲಿ ಎಣ್ಣೆಯ ಅಂಶವಿರುವುದರಿಂದ ರಾತ್ರಿಯಿಡೀ ಬಿಡಬಾರದು, ಕಲೆ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಅದನ್ನೇ ಉಂಡೆ ಕಟ್ಟಿ ಡಬ್ಬಿಯಲ್ಲಿಟ್ಟರೆ ಮತ್ತೆ ಬಳಸಬಹುದು.

ಮಕ್ಕಳ ಆಟಿಕೆ ಅಂಗಡಿಯ ಜಿಗಿಯುವ ಸಿಲಿಕೋನ್ ಪುಟ್ಟಿಯನ್ನೂ ನೋಡಿದೆ. ಅದು ಗಟ್ಟಿಯಂತೆ ಕಂಡರೂ ನಿಧಾನವಾಗಿ ಹರಿಯುವ ವಸ್ತು. ಇಟ್ಟ ಹತ್ತು ನಿಮಿಷದಲ್ಲಿ ತಾನೇ ಹರಡಿ ಮೇಲ್ಮೈಗೆ ಕೂರುತ್ತದೆ. ಮುಚ್ಚಲು ಬಹಳ ಬೇಗ, ಅಂಟು ಉಳಿಯುವುದಿಲ್ಲ. ಆದರೆ ಹರಿಯುತ್ತಲೇ ಇರುವುದರಿಂದ ನಾವು ಇಟ್ಟ ಗೆರೆಯಲ್ಲಿ ನಿಲ್ಲದು. ವಿಮಾನದ ಮೈಮೇಲಿನ ಸಣ್ಣ ಗೀರುಗಳೊಳಗೂ ಇಳಿಯುತ್ತದೆ. ಇಟ್ಟು ತಕ್ಷಣ ಹೊಡೆಯುವವರಿಗೆ ಒಳ್ಳೆಯದು.

ಇನ್ನು ಅಡುಗೆಮನೆಯದು. ಚಪಾತಿ ಹಿಟ್ಟನ್ನು ಎಣ್ಣೆ ಹಾಕದೆ ಗಟ್ಟಿಯಾಗಿ ಕಲಸಿ ಬತ್ತಿ ಮಾಡಿದೆ. ಅವ್ವ ಬಂದು ನೋಡಿ, “ರೊಟ್ಟಿ ಹಿಟ್ಟಿನ್ಯಾಗೂ ಒಂದ್ ವಿಮಾನ ಮಾಡಿಬಿಡು” ಅಂದಳು. ಜೋಳದ ಹಿಟ್ಟಿನಲ್ಲಿ ಬತ್ತಿ ಬರುವುದಿಲ್ಲ; ಗೋಧಿಯಲ್ಲಿರುವ ಜಿಗುಟಿನ ಗ್ಲುಟನ್ ಜೋಳದಲ್ಲಿಲ್ಲ, ಬಾಗಿಸಿದರೆ ಮುರಿಯುತ್ತದೆ. ಗೋಧಿ ಬತ್ತಿ ಮೊದಲ ಕಾಲು ತಾಸು ಟ್ಯಾಕ್‌ನಂತೆಯೇ ಕೆಲಸ ಮಾಡಿತು. ಆಮೇಲೆ ಒಣಗಿ ಕುಗ್ಗಿ ತುದಿಗಳು ಎದ್ದವು. ಅಡಿಯಲ್ಲಿ ಹಿಟ್ಟಿನ ಬಿಳಿ ಪುಡಿ ಉಳಿಯಿತು, ಒದ್ದೆ ಬಟ್ಟೆಗೆ ಹೋಯಿತು. ಕಲಿಯುವವರು ನಮೂನೆ ಇಡುವುದನ್ನು ರೂಢಿ ಮಾಡಿಕೊಳ್ಳಲು ಇದಕ್ಕಿಂತ ಅಗ್ಗದ್ದಿಲ್ಲ. ಮುಖ್ಯ ಮಾಡೆಲ್‌ಗೆ ಬೇಡ.

ಕೊನೆಗೆ ದ್ರವ ಮರೆ. ಮಾಡೆಲ್ ಅಂಗಡಿಗಳ ಲಿಕ್ವಿಡ್ ಮಾಸ್ಕ್ ಬಹುಮಟ್ಟಿಗೆ ರಬ್ಬರ್ ಹಾಲು. ಸುಳ್ಯ, ಪುತ್ತೂರು ಕಡೆ ರಬ್ಬರ್ ಮರದಿಂದ ಇಳಿಸುವ ಹಾಲಿನಂಥದ್ದೇ, ಹೆಪ್ಪುಗಟ್ಟದಂತೆ ಅಮೋನಿಯ ಸೇರಿಸಿದ್ದು. ಕುಂಚದಿಂದ ಬಳಿದರೆ ಒಣಗಿ ಪೊರೆಯಾಗುತ್ತದೆ, ಆಮೇಲೆ ಸುಲಿಯಬಹುದು. ಇದರ ಬದಲು ಮರಗೆಲಸದ ಫೆವಿಕಾಲ್ ಬಳಿದು ನೋಡಿದೆ. ಪ್ರೈಮರ್ ಮೇಲೆ ದಪ್ಪವಾಗಿ ಬಳಿದದ್ದು ಸುಲಿದು ಬಂತು. ತೆಳುವಾಗಿ ಬಳಿದದ್ದು ಚೂರುಚೂರಾಗಿ ಅಂಟಿಕೊಂಡಿತು. ಎರಡೂ ಕೊಡುವುದು ಗಟ್ಟಿ ಅಂಚು, ಅದೂ ಕುಂಚದ ಗೆರೆಯಷ್ಟೇ ಅಂಕುಡೊಂಕು. ಗಾಲಿ, ದೀಪದ ಗಾಜು ಇಂಥ ಸಣ್ಣ ಜಾಗಗಳಿಗೆ ಇವು ಸರಿ. ಕ್ಯಾಮಫ್ಲಾಜ್ ಅಂಚಿಗೆ ಅಲ್ಲ.

ಗ್ಯಾರೇಜಿನಲ್ಲಿ ಸಿಕ್ಕ ಉತ್ತರ

ಇಷ್ಟಾದ ಮೇಲೂ ಅಂಗಡಿಯ ಅಗ್ಗದ ಟೇಪಿನಿಂದಲೇ ಮೆದು ಅಂಚು ತರಲಾಗದೇ ಎಂಬ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ರಾಣೆಬೆನ್ನೂರಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಒಂದು ಗ್ಯಾರೇಜಿನಲ್ಲಿ. ಗೀರು ಬಿದ್ದ ಬಾಗಿಲಿನ ಅರ್ಧಕ್ಕೆ ಮಾತ್ರ ಹೊಸ ಬಣ್ಣ ಹೊಡೆದಾಗ ಹಳೆಯದು-ಹೊಸದು ಕೂಡಿದ ಗೆರೆ ಗಿರಾಕಿಗೆ ಕಾಣಬಾರದು. ಅಲ್ಲಿನ ಪೇಂಟರ್ ಅಣ್ಣನನ್ನು ಕೇಳಿದೆ, “ಅಣ್ಣಾರ, ಆ ಗೆರಿ ಹೆಂಗ ಮಾಯಾ ಮಾಡ್ತೀರಿ?”

“ಅಂಚು ಕಾಣಬಾರದು ಅಂದ್ರ ಟೇಪ್ ಒತ್ತಬಾರದು ತಂಗಿ. ತಿರುವಿ ಮಡಚಬೇಕು” ಅಂದರು. ಟೇಪಿನ ಒಂದು ಬದಿಯನ್ನು ಮಾತ್ರ ಅಂಟಿಸಿ, ಇನ್ನೊಂದು ಬದಿಯನ್ನು ಒತ್ತದೆ ದುಂಡಗೆ ಹಿಂದಕ್ಕೆ ಮಡಚಿ ತೋರಿಸಿದರು. ಮಡಚಿದ ಜಾಗ ಕೊಳವೆಯ ಅರ್ಧದಂತೆ ಎದ್ದು ನಿಲ್ಲುತ್ತದೆ. ಬಣ್ಣ ಆ ಬಾಗಿನ ಅಡಿಗೆ ತೂರಿ ಕರಗುತ್ತದೆ. ನಾನು ಟ್ಯಾಕ್ ಬತ್ತಿಯಿಂದ ಮಾಡಿದ್ದನ್ನೇ ಅವರು ವರ್ಷಗಳಿಂದ ಟೇಪಿನಿಂದ ಮಾಡುತ್ತಿದ್ದರು.

ಮನೆಗೆ ಬಂದು ಟೇಪನ್ನು ಸಣ್ಣ ಪಟ್ಟಿಗಳಾಗಿ ಕೊಯ್ದು, ಒಂದೊಂದು ಸೆಂಟಿಮೀಟರ್ ಉದ್ದದ ಚೂರು ಮಾಡಿ, ಮಡಚಿ, ಒಂದರ ತುದಿಯ ಮೇಲೊಂದು ಇಟ್ಟು ಹೊಡೆದೆ. ಚಮಚದ ಮೇಲೆ 1ರಿಂದ 1.2 ಮಿಲಿಮೀಟರ್ ಮಂಜು ಬಂತು. ದೊಡ್ಡ ಅಲೆಯಂಥ ಗೆರೆಗಳಿಗೆ ಇದು ಸಾಕು. ಬಿಗಿಯಾದ ತಿರುವಿನಲ್ಲಿ ಮಡಚಿದ ಟೇಪ್ ಬಾಗುವುದಿಲ್ಲ; ಅಲ್ಲಿ ಬತ್ತಿಯೇ ಬೇಕು.

ಮಾಸ್ಕಿಂಗ್ ಟೇಪ್ ಹುಟ್ಟಿದ್ದೂ ಕಾರಿನ ಗ್ಯಾರೇಜಿನಿಂದಲೇ. ಅಮೆರಿಕದಲ್ಲಿ 1920ರ ದಶಕದಲ್ಲಿ ಎರಡು ಬಣ್ಣದ ಕಾರುಗಳ ಷೋಕಿ ಬಂದಿತ್ತು. ಪೇಂಟರ್‌ಗಳು ಕಾಗದವನ್ನು ಗೋಂದಿನಿಂದ ಅಂಟಿಸಿ ಮರೆ ಮಾಡುತ್ತಿದ್ದರು. ಕೀಳುವಾಗ ಹೊಸ ಬಣ್ಣವೂ ಕಿತ್ತು ಬರುತ್ತಿತ್ತು. ಆಗ ಮರಳುಕಾಗದ ಮಾಡುತ್ತಿದ್ದ 3ಎಂ ಕಂಪನಿಯ ರಿಚರ್ಡ್ ಡ್ರೂ ಎಂಬ ಯುವಕ ಮಾದರಿ ಹಾಳೆಗಳನ್ನು ಪರೀಕ್ಷೆಗೆ ಕೊಡಲು ಸೇಂಟ್ ಪಾಲ್ ನಗರದ ಗ್ಯಾರೇಜಿಗೆ ಹೋಗಿದ್ದವನು ಈ ಪೇಂಟರ್‌ಗಳ ಬೈಗುಳ ಕೇಳಿಸಿಕೊಂಡ. ಹಿಡಿಯಲೂ ಬೇಕು, ಬಿಡಲೂ ಬೇಕು ಎನ್ನುವಂಥ ಅಂಟನ್ನು ಹುಡುಕಲು ಹೊರಟು 1925ರಲ್ಲಿ ಸುಕ್ಕು ಕಾಗದದ ಟೇಪ್ ತಯಾರಿಸಿದ. ಐದು ವರ್ಷದ ನಂತರ ಪಾರದರ್ಶಕ ಸೆಲೊಫೇನ್ ಟೇಪೂ ಅವನಿಂದಲೇ ಬಂತು. ಈ ಡ್ರೂ ಎಂಜಿನಿಯರಿಂಗ್ ಓದನ್ನು ನಡುವೆ ಬಿಟ್ಟವನು. ನೃತ್ಯಕೂಟಗಳಲ್ಲಿ ಬ್ಯಾಂಜೊ ನುಡಿಸಿ, ಅಂಚೆ ಮೂಲಕ ಯಂತ್ರ ವಿನ್ಯಾಸ ಕಲಿತವನು. ಪೇಂಟರ್‌ಗಳ ಗೊಣಗಾಟವನ್ನು ಅವನು ಒಂದು ಪ್ರಶ್ನೆಯಾಗಿ ಕೇಳಿಸಿಕೊಂಡ.

ನಮ್ಮ ಬಿಸಿಲು, ನಮ್ಮ ದೂಳು

ಹೊರದೇಶದ ವಿಡಿಯೊಗಳಲ್ಲಿ ಹೇಳುವ ಸಮಯಗಳು ನಮ್ಮ ಕಡೆಗೆ ಹೊಂದುವುದಿಲ್ಲ. ಏಪ್ರಿಲ್ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಟೇಪಿನ ಅಂಟು ಕರಗಿ ಬಿಗಿಯಾಗುತ್ತದೆ, ಟ್ಯಾಕ್ ಮೆತ್ತಗಾಗಿ ಜಾರುತ್ತದೆ, ಅಕ್ರಿಲಿಕ್ ಬಣ್ಣ ಗಾಳಿಯಲ್ಲೇ ಒಣಗಿ ಮೇಲ್ಮೈ ಮರಳಿನಂತೆ ಒರಟಾಗುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಆರರಿಂದ ಎಂಟರ ಒಳಗೆ ಕೆಲಸ ಮುಗಿಸಿ ಮರೆ ಕಿತ್ತುಬಿಡಬೇಕು. ಮಳೆಗಾಲದಲ್ಲಿ ಬಣ್ಣ ಒಣಗಲು ದುಪ್ಪಟ್ಟು ಹೊತ್ತು ಬೇಕು. ಲ್ಯಾಕರ್ ಬಣ್ಣವಾದರೆ ತೇವ ಹಿಡಿದು ಬೆಳ್ಳಗೆ ಮಂಕಾಗುತ್ತದೆ. ಸುಗ್ಗಿಯ ದಿನಗಳಲ್ಲಿ ದೂಳೇ ದೊಡ್ಡ ಶತ್ರು. ಬಣ್ಣ ಹೊಡೆದ ತಕ್ಷಣ ಮಾಡೆಲ್ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಮಗುಚಿ ಹಾಕುವುದು ಸುಲಭದ ಉಪಾಯ.

ಇನ್ನೊಂದು ಮರೆಯ ಬಗ್ಗೆ ಹೇಳಲೇಬೇಕು, ಅದು ನಮ್ಮ ಮೂಗಿನದು. ಏರ್‌ಬ್ರಷ್‌ನಿಂದ ಬರುವ ಮಂಜು ನೀರಿನ ಬಣ್ಣದ್ದಾದರೂ ಶ್ವಾಸಕೋಶಕ್ಕೆ ಹೋಗಬಾರದು. ಥಿನ್ನರ್ ಬಳಸುವ ಲ್ಯಾಕರ್ ಆದರೆ ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ರಾಸಾಯನಿಕ ಆವಿ ಹೀರುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು, ಕಿಟಕಿ ತೆರೆದಿರಬೇಕು. ಕಾರಿಗೆ ಹೊಡೆಯುವ, ಹಾರ್ಡನರ್ ಬೆರೆಸುವ 2ಕೆ ಬಣ್ಣವನ್ನು ಮನೆಯೊಳಗೆ ತರಲೇಬೇಡಿ. ಅದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಉಬ್ಬಸ ತರಿಸಬಲ್ಲದು. ಗ್ಯಾರೇಜುಗಳಲ್ಲಿ ಕರವಸ್ತ್ರ ಕಟ್ಟಿಕೊಂಡು ಅದನ್ನು ಹೊಡೆಯುವ ನಮ್ಮ ವಯಸ್ಸಿನ ಹುಡುಗರು ಎಷ್ಟೋ ಜನರಿದ್ದಾರೆ. ಪರಿಚಯದವರಿದ್ದರೆ ಈ ಮಾತು ಮುಟ್ಟಿಸಿ.

ಕೊನೆಗೆ ಆಯ್ಕೆ

ಮಿಗ್-21ಕ್ಕೆ ನಾನು ಬಳಸಿದ್ದು ಒಂದೇ ವಸ್ತುವನ್ನಲ್ಲ. ರೆಕ್ಕೆಯ ಮೇಲೆ ಫೋಮ್ ಚೂರಿನ ಮೇಲೆ ಎತ್ತಿದ ಕಾಗದದ ಅಚ್ಚು. ಒಡಲು ಮತ್ತು ಬಾಲದ ತಿರುವುಗಳಲ್ಲಿ ಟ್ಯಾಕ್ ಬತ್ತಿ. ಬೆನ್ನಿನ ಉದ್ದ ಗೆರೆಗಳಿಗೆ ಮಡಚಿದ ಅಂಗಡಿ ಟೇಪ್. ಹೊಟ್ಟೆಯ ತಿಳಿ ಬೂದು ಬಣ್ಣ ನಿಲ್ಲುವ ಕಡೆ ಅಂಚು ಗಟ್ಟಿಯಾಗಿ ಬೇಕಿತ್ತು, ಅಲ್ಲಿ ಮಾತ್ರ ಟಾಮಿಯಾ. ಮರೆಯ ಮೇಲೆ ಹೊರಗಿನಿಂದ ತರಿಸಿದ ಸಾಮಾನು ಆ ಒಂದು ಸುರುಳಿ. ಉಳಿದದ್ದೆಲ್ಲ ಗುತ್ತಲ ಮತ್ತು ಹಾವೇರಿಯ ಅಂಗಡಿಗಳದ್ದು. ಕ್ಯಾಮಫ್ಲಾಜ್‌ನ ಮಂಜು ಅಳೆದರೆ ಎಲ್ಲಿಯೂ 1.5 ಮಿಲಿಮೀಟರ್ ದಾಟಿಲ್ಲ.

ಹಾಗಂತ ಅಗ್ಗದ್ದೆಲ್ಲ ಒಳ್ಳೆಯದು ಎಂದಲ್ಲ. ಸೆಲೊಟೇಪಿನಂಥ ಅಗ್ಗದ ವಸ್ತು ದುಬಾರಿ ಕಿಟ್ ಕೆಡಿಸುತ್ತದೆ. ಎಲ್ಲಿ ಯಾವ ಅಂಚು ಬೇಕು ಎಂದು ಮೊದಲು ತಿಳಿದರೆ ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ ಎಂಬುದು ತಾನೇ ಗೊತ್ತಾಗುತ್ತದೆ. ಇದು ತಿಳಿಯದೆ ಸಾಮಾನಿನ ಪಟ್ಟಿ ನೋಡಿದರೆ ಸಣ್ಣ ಊರಿನವರಿಗೆ ಈ ಹವ್ಯಾಸ ಅಲ್ಲ ಎಂಬ ತೀರ್ಮಾನಕ್ಕೆ ಬರುವುದು ಸಹಜ.

ಕೆಲಸ ಹುಡುಕುತ್ತಿರುವವರು ಇದರಿಂದ ಏನು ಸಿಗುತ್ತದೆ ಎಂದು ಕೇಳಬಹುದು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಮುಚ್ಚಿಟ್ಟು ಪ್ಲಾಸ್ಟಿಕ್ ವಿಮಾನ ಹಿಡಿದು ಕೂತವರಿಗೆ ಮನೆಯಲ್ಲೂ ಈ ಪ್ರಶ್ನೆ ತಪ್ಪಿದ್ದಲ್ಲ. ಮಾಡೆಲ್ ಮಾಡಿದ್ದಕ್ಕೆ ಯಾರೂ ನೇಮಕಾತಿ ಪತ್ರ ಕೊಡುವುದಿಲ್ಲ. ಆದರೆ ಮೇಲ್ಮೈ ಸಿದ್ಧ ಮಾಡುವುದು, ಒತ್ತಡ-ದೂರ-ಪದರ ಹಿಡಿತದಲ್ಲಿಡುವುದು, ಮರೆ ಕಟ್ಟುವುದು, ಇವೇ ವಾಹನಗಳ ಬಣ್ಣದ ಕೆಲಸದಲ್ಲೂ ಕಟ್ಟಡಗಳ ಮಾದರಿ ಮಾಡುವವರಲ್ಲೂ ಬೇಕಾಗುವ ಕೌಶಲ. ಐಟಿಐನಲ್ಲಿ ಪೇಂಟರ್ ಎಂಬ ಟ್ರೇಡ್ ಇರುವುದೂ ಇದಕ್ಕೇ. ಇಷ್ಟೇ ಮುಖ್ಯವಾದ ಇನ್ನೊಂದು ಅಭ್ಯಾಸವೂ ಕೈಗೆ ಬರುತ್ತದೆ. ಒಂದನ್ನು ಮಾತ್ರ ಬದಲಿಸಿ, ಉಳಿದದ್ದೆಲ್ಲ ಹಾಗೇ ಇಟ್ಟು, ಬಂದದ್ದನ್ನು ಅಳೆದು ಬರೆದಿಡುವುದು. ಪ್ರಯೋಗಾಲಯದಲ್ಲಿ ಮೇಷ್ಟ್ರು ಹೇಳಿದಾಗ ಅಂಕಕ್ಕಾಗಿ ಮಾಡಿದ್ದನ್ನು ಇಲ್ಲಿ ನಮ್ಮ ದುಡ್ಡು ಉಳಿಸಿಕೊಳ್ಳಲು ಮಾಡುತ್ತೇವೆ.

ಆಸಕ್ತಿ ಇದ್ದವರು ಕಿಟ್ ಕೊಳ್ಳುವ ಮೊದಲು ಇಪ್ಪತ್ತು ಪ್ಲಾಸ್ಟಿಕ್ ಚಮಚ, ಒಂದು ಸುರುಳಿ ಮಾಸ್ಕಿಂಗ್ ಟೇಪ್, ಒಂದು ಪೊಟ್ಟಣ ಟ್ಯಾಕ್ ತನ್ನಿ. ಏರ್‌ಬ್ರಷ್ ಇಲ್ಲದಿದ್ದರೆ ಸೈಕಲ್ ಅಂಗಡಿಯ ಸ್ಪ್ರೇ ಡಬ್ಬಿಯೂ ನಡೆಯುತ್ತದೆ, ಬಯಲಿನಲ್ಲಿ ನಿಂತು, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ ಹೊಡೆಯಿರಿ. ಚಮಚದ ಹಿಡಿಕೆಯ ಮೇಲೆ ಯಾವ ಮರೆ, ಎಷ್ಟು ಎತ್ತರ, ಎಷ್ಟು ಮಂಜು ಎಂದು ಬಾಲ್‌ಪೆನ್ನಿನಲ್ಲಿ ಬರೆದಿಡಿ. ಹತ್ತನೆಯ ಚಮಚದ ಹೊತ್ತಿಗೆ ನಿಮ್ಮ ಕಿಟ್‌ಗೆ ಯಾವ ಟೇಪ್ ಬೇಕು ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ.